ಪಟ್ಟಿಯಿಂದ ಹೊಡೆದುಹಾಕಿದ ಚೀಲಗಳು

ಪಟ್ಟಿಯಿಂದ ನಾನು ಮೊದಲು ಹೊಡೆದುಹಾಕಿದ್ದು ಚೀಲಗಳನ್ನು. ‘ಮಾತ್ರೆ ಹಾಕಿಕೊಡುವ ಚಿಕ್ಕ ಪ್ಲಾಸ್ಟಿಕ್ ಚೀಲ, ಐದು ಸಾವಿರ’ ಎಂದು ದೂರದೇಶದ ಆ ಆಸ್ಪತ್ರೆಯವರು ಬರೆದು ಕಳುಹಿಸಿದ್ದರು. ವಿಮಾನದಲ್ಲಿ ಹೋಗುವ ಸರಕು, ಒಂದೊಂದು ಕಿಲೋಗೂ ಲೆಕ್ಕ. ಔಷಧಕ್ಕೇ ಜಾಗ ಸಾಲದಿರುವಾಗ ಖಾಲಿ ಚೀಲ ಹೊರುವುದೇ ಎಂದುಕೊಂಡು ಕೆಂಪು ಪೆನ್ನಿನಲ್ಲಿ ಗೀಟು ಎಳೆದೆ. ಎಳೆದ ಮೇಲೆ ದೊಡ್ಡ ಉಳಿತಾಯ ಮಾಡಿದವನ ಹಾಗೆ ಬೀಗಿದೆ ಕೂಡ.

ನಮ್ಮದು ಚಿಕ್ಕ ತಂಡ. ಕೆಲವು ವೈದ್ಯರು, ನರ್ಸುಗಳು ವರ್ಷಕ್ಕೊಮ್ಮೆ ಎರಡು ವಾರ ಆ ಆಸ್ಪತ್ರೆಗೆ ಹೋಗಿ ಕೆಲಸ ಮಾಡಿ ಬರುತ್ತಾರೆ. ನಾನು ಫಾರ್ಮಸಿಸ್ಟ್, ಅವರ ಜೊತೆ ಹೋಗುವುದಿಲ್ಲ, ಔಷಧ ಹೊಂದಿಸಿ ಕಳುಹಿಸುವುದು ನನ್ನ ಪಾಲಿನ ಕೆಲಸ. ಅದುವರೆಗೆ ಸಿಕ್ಕಿದ್ದನ್ನು ಸೂಟ್‌ಕೇಸುಗಳಲ್ಲಿ ತುಂಬಿ ಕಳುಹಿಸುತ್ತಿದ್ದೆವು. ಆ ವರ್ಷ ಮೊದಲ ಬಾರಿಗೆ, ಲಾಭದ ಆಸೆಯಿಲ್ಲದೆ ಔಷಧ ಪೂರೈಸುವ ಸಂಸ್ಥೆಯೊಂದರ ಜೊತೆ ಕೈಜೋಡಿಸಿದ್ದೆವು. ಇಂಥ ಸಂಸ್ಥೆಗಳಲ್ಲಿ ಕೆಲವು ಔಷಧ ಕಂಪನಿಗಳಿಂದ ದಾನವಾಗಿ ಬಂದದ್ದನ್ನು ಹಂಚುತ್ತವೆ. 1948ರಲ್ಲಿ ಅಮೆರಿಕದಲ್ಲಿ ಶುರುವಾದ ಡೈರೆಕ್ಟ್ ರಿಲೀಫ್ ಆ ಬಗೆಯದು. ಇನ್ನು ಕೆಲವು ಸಗಟಾಗಿ ಕೊಂಡು, ಗುಣಮಟ್ಟ ನೋಡಿ, ಲಾಭವಿಟ್ಟುಕೊಳ್ಳದೆ ಬಡ ದೇಶಗಳ ಆಸ್ಪತ್ರೆಗಳಿಗೆ ಮಾರುತ್ತವೆ; 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ ಐಡಿಎ ಫೌಂಡೇಶನ್ ಅಂಥದು. ನಮಗೆ ಸಿಕ್ಕಿದ್ದು ಎರಡೂ ಕೆಲಸವನ್ನು ಅಷ್ಟಿಷ್ಟು ಮಾಡುವ, ಹೆಚ್ಚು ಜನ ಹೆಸರು ಕೇಳಿರದ ಒಂದು ಸಂಸ್ಥೆ.

ಸರಕು ಕಟ್ಟುವ ದಿನ ಬೆಳಿಗ್ಗೆ ಎಂಟಕ್ಕೇ ಅವರ ಉಗ್ರಾಣಕ್ಕೆ ಹೋದೆ. ವ್ಯಾನಿನಲ್ಲಿ ಹದಿನಾಲ್ಕು ರಟ್ಟಿನ ಪೆಟ್ಟಿಗೆಗಳಿದ್ದವು. ಮೂರು ತಿಂಗಳು ಪರಿಚಯದ ವೈದ್ಯರನ್ನೆಲ್ಲ ಕಾಡಿ ಬೇಡಿ ಕೂಡಿಸಿದ ಔಷಧ. ಸಂಸ್ಥೆಯಿಂದ ಕೊಳ್ಳುವುದನ್ನು ಇದರ ಜೊತೆ ಸೇರಿಸಿ ಒಟ್ಟಿಗೆ ಕಳುಹಿಸುವುದು ನನ್ನ ಲೆಕ್ಕಾಚಾರ.

ಅಲ್ಲಿನ ಮುಖ್ಯ ಫಾರ್ಮಸಿಸ್ಟ್ ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೊದಲ ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ಎತ್ತಿ, ಕನ್ನಡಕ ಏರಿಸಿ, ದಿನಾಂಕ ಓದಿ ಮೇಜಿನ ಎಡಕ್ಕೆ ಇಡತೊಡಗಿದರು. ಬಲಕ್ಕೆ ಏನೂ ಹೋಗಲಿಲ್ಲ. ಅರ್ಧ ಪೆಟ್ಟಿಗೆ ಮುಗಿದ ಮೇಲೆ ಕೇಳಿದರು: “ಇದನ್ನು ಕೇಳಿದವರು ಯಾರು?”

“ಕೇಳಿದವರು ಅಂತ ಯಾರೂ ಇಲ್ಲ ಮೇಡಂ. ಆದರೆ ಇದು ಯಾರಿಗಾದರೂ ಬೇಕೇ ಆಗುತ್ತದಲ್ಲ?”

“ಯಾರಿಗಾದರೂ ಅಂತ ವಿಳಾಸ ಬರೆದರೆ ಸರಕು ಎಲ್ಲಿಗೆ ಹೋಗಬೇಕು?”

ನನಗೆ ಸಿಟ್ಟು ಬಂತು. ದುಡ್ಡಿಲ್ಲದೆ ಬಂದ ಔಷಧಕ್ಕೂ ಇಷ್ಟು ಬಿಗುಮಾನವೇ ಎನಿಸಿತು. ಅವರು ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸಾಗುತ್ತಲೇ ಇದ್ದರು. ಎರಡೆರಡು ಮಾತ್ರೆಯ ಸ್ಯಾಂಪಲ್ ಪಟ್ಟಿಗಳು, ಯಾರೋ ಅರ್ಧ ಕುಡಿದು ಮುಚ್ಚಳ ಹಾಕಿದ ಕೆಮ್ಮಿನ ಸಿರಪ್, ಹೆಸರಿನ ಜಾಗದಲ್ಲಿ ಕಂಪನಿಯ ಬ್ರ್ಯಾಂಡ್ ಮಾತ್ರ ದೊಡ್ಡದಾಗಿರುವ ಡಬ್ಬಿಗಳು. ಬಹುಪಾಲಿಗೆ ಉಳಿದಿದ್ದು ನಾಲ್ಕೈದು ತಿಂಗಳ ಅವಧಿ. ಔಷಧ ದಾನಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಮೊದಲು ಹೊರತಂದ ಮಾರ್ಗಸೂಚಿ ಇವನ್ನೆಲ್ಲ ಬೇಡವೆನ್ನುತ್ತದೆ: ಸ್ಯಾಂಪಲ್ ಬೇಡ, ರೋಗಿಗಳು ಮರಳಿಸಿದ್ದು ಬೇಡ, ಜೆನೆರಿಕ್ ಹೆಸರು, ಅಂದರೆ ಬ್ರ್ಯಾಂಡ್ ಅಲ್ಲದ ಔಷಧದ್ದೇ ಹೆಸರು, ಇರಲೇಬೇಕು, ತಲುಪಿದ ಮೇಲೂ ಕನಿಷ್ಠ ಒಂದು ವರ್ಷದ ಅವಧಿ ಇರಬೇಕು. ಅದು ನನ್ನ ಕಂಪ್ಯೂಟರಿನಲ್ಲೂ ಇತ್ತು. ಇಳಿಸಿಕೊಂಡಿದ್ದೆ, ಓದಿರಲಿಲ್ಲ.

ಹದಿನಾಲ್ಕೂ ಪೆಟ್ಟಿಗೆ ಎಡಕ್ಕೇ ಹೋದವು. ನಾಲ್ಕು ಗಂಟೆ ಹಿಡಿಯಿತು. ಇದನ್ನೇ ಆಸ್ಪತ್ರೆಯ ಬಾಗಿಲಲ್ಲಿ ಕೂತು ಮಾಡಬೇಕಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ 1988ರ ಅರ್ಮೇನಿಯ ಭೂಕಂಪವೇ ಸಾಕ್ಷಿ. ಜಗತ್ತೆಲ್ಲ ಕಳುಹಿಸಿದ ಸುಮಾರು 5,000 ಟನ್ ಔಷಧ ಮತ್ತು ವೈದ್ಯಕೀಯ ಸಾಮಗ್ರಿಯನ್ನು ವಿಂಗಡಿಸಲು 50 ಜನಕ್ಕೆ ಆರು ತಿಂಗಳು ಬೇಕಾಯಿತು. ಬೋಸ್ನಿಯಾಕ್ಕೆ 1992ರಿಂದ 1996ರವರೆಗೆ ಹೋದ ದಾನದಲ್ಲಿ 17,000 ಟನ್ ಯಾವ ಕೆಲಸಕ್ಕೂ ಬಾರದ್ದು ಎಂದು ಅಂದಾಜಿಸಿದ್ದಾರೆ. ಕಳುಹಿಸಿದವರು ಯಾರೂ ದುಷ್ಟರಲ್ಲ. ನನ್ನಂಥವರೇ ಇರಬೇಕು, ವ್ಯಾನು ದೊಡ್ಡದಿತ್ತು ಅಷ್ಟೆ.

ಅದಾದ ಮೇಲೆ ಅವರು ಆಸ್ಪತ್ರೆಯ ಪಟ್ಟಿ ಕೇಳಿದರು. ಕೊಟ್ಟೆ. ಕೆಂಪು ಗೀಟಿನ ಮೇಲೆ ಅವರ ಬೆರಳು ನಿಂತಿತು.

“ಚೀಲ ಯಾಕೆ ಬೇಡ?”

ತೂಕ, ಜಾಗ ಎಂದು ಏನೋ ಹೇಳಿದೆ. ಅವರು ಉತ್ತರಿಸಲಿಲ್ಲ. ಅವಧಿ ಮೀರಿ ನಾಶಕ್ಕೆಂದು ಬದಿಗಿಟ್ಟಿದ್ದ ಎರಡು ಡಬ್ಬಿ ತಂದರು. ನಮ್ಮ ಸರಕಿನಲ್ಲಿ ಹೋಗಬೇಕಾಗಿದ್ದವೂ ಅಂಥವೇ, ಸಾವಿರ ಮಾತ್ರೆಯ ಬಿಳಿ ಪ್ಲಾಸ್ಟಿಕ್ ಡಬ್ಬಿಗಳು. ಒಂದರಿಂದ ಹದಿನೈದು ಮಾತ್ರೆ ಎಣಿಸಿ ನನ್ನ ಅಂಗೈಗೆ ಹಾಕಿದರು. ಇನ್ನೊಂದರಿಂದ ಹತ್ತು ಎಣಿಸಿ ಅದೇ ಅಂಗೈಗೆ ಹಾಕಿದರು. “ಒಂದು ರಕ್ತದೊತ್ತಡದ್ದು, ಒಂದು ಸಕ್ಕರೆ ಕಾಯಿಲೆಯದು. ಮನೆಗೆ ಹೋಗಿ ತಗೊಳ್ಳಿ.”

ಎಲ್ಲವೂ ಬಿಳಿ, ದುಂಡಗೆ, ಚಿಕ್ಕವು. ಔಷಧಶಾಸ್ತ್ರ ಓದಿದ ನಾನು ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದೆ. ಸೀಳುಗೆರೆ ಇರುವವು ಒಂದು ಜಾತಿ, ಇಲ್ಲದವು ಇನ್ನೊಂದು ಎಂದು ಬೇರ್ಪಡಿಸುವುದರೊಳಗೆ ಬೆವರಿಗೆ ಅವುಗಳ ಪುಡಿ ಕೈಗೆ ಅಂಟತೊಡಗಿತ್ತು. ಹೆಸರು ಅಚ್ಚಾದ ಸ್ಟ್ರಿಪ್‌ಗಳಲ್ಲಿ ಬರುವ ಮಾತ್ರೆಗಳನ್ನೇ ಮಾರಿ ಅಭ್ಯಾಸವಾದವನಿಗೆ, ಡಬ್ಬಿಯಿಂದ ಹೊರಬಂದ ಮಾತ್ರೆಗೆ ಹೆಸರೂ ಇಲ್ಲ, ಮನೆಯೂ ಇಲ್ಲ ಎಂಬುದು ಹೊಳೆದೇ ಇರಲಿಲ್ಲ.

ಆಮೇಲೆ ಅವರು ಒಂದು ಚೀಲ ತೋರಿಸಿದರು. ಅಂಗೈಗಿಂತ ಚಿಕ್ಕದು, ಒತ್ತಿದರೆ ಮುಚ್ಚಿಕೊಳ್ಳುವ ಬಾಯಿ. ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರ. ಪ್ರತಿಯೊಂದರ ಕೆಳಗೆ ಎಷ್ಟು ಮಾತ್ರೆ ಎಂದು ಬರೆಯಲು ಖಾಲಿ ಚೌಕ. ಓದು ಬಾರದವರೂ ಓದಬಹುದು. ಐದು ಸಾವಿರ ಚೀಲಗಳನ್ನು ತಕ್ಕಡಿಯ ಮೇಲೆ ಇಟ್ಟಾಗ ನನ್ನ ಒಂದು ಪೆಟ್ಟಿಗೆಯಷ್ಟೂ ತೂಗಲಿಲ್ಲ.

ಮಧ್ಯಾಹ್ನದ ಮೇಲೆ ಕೆಲಸ ಚುರುಕಾಯಿತು. ಅಮಾಕ್ಸಿಸಿಲಿನ್, ಓಆರ್‌ಎಸ್ ಪೊಟ್ಟಣ, ಮಕ್ಕಳ ಭೇದಿಗೆ ಕೊಡುವ ಜಿಂಕ್, ಬಸುರಿಯರ ನಂಜಿನ ಸೆಳವಿಗೆ ಮೆಗ್ನೀಸಿಯಂ ಸಲ್ಫೇಟ್. ನಮ್ಮ ಶಸ್ತ್ರವೈದ್ಯರು ಕೇಳಿದ್ದ ಮಾರ್ಫಿನ್ ಮಾತ್ರ ಬಿಟ್ಟುಹೋಯಿತು. ಮಾದಕ ದ್ರವ್ಯಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅದಕ್ಕೆ ಆಮದು ದೇಶದ ಅನುಮತಿ, ರಫ್ತು ದೇಶದ ಅನುಮತಿ ಎರಡೂ ಕೈಯಲ್ಲಿರಬೇಕು, ನಮ್ಮ ಕೈಯಲ್ಲಿ ಒಂದೂ ಇರಲಿಲ್ಲ.

ಹೆರಿಗೆಯ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಮತ್ತು ಇನ್ಸುಲಿನ್ ಕಟ್ಟುವುದು ಕೊನೆಗೆ. ಎರಡೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ನಾನು ಫ್ರೀಜರಿನಿಂದ ಐಸ್ ಪ್ಯಾಕ್ ತೆಗೆದವನೇ ಥರ್ಮಾಕೋಲ್ ಪೆಟ್ಟಿಗೆಗೆ ಇಡಲು ಹೊರಟೆ. ಮೇಡಂ ಕೈ ಅಡ್ಡ ಹಿಡಿದರು. ಪ್ಯಾಕುಗಳನ್ನು ಮೇಜಿನ ಮೇಲೆ ಹರಡಿಸಿ ಕಾಯಲು ಹೇಳಿದರು. ಸ್ವಲ್ಪ ಹೊತ್ತಿಗೊಮ್ಮೆ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು, ತೆಂಗಿನಕಾಯಿ ನೋಡುವ ಹಾಗೆ. ಒಳಗೆ ನೀರು ತುಳುಕುವ ಸದ್ದು ಬರುವವರೆಗೆ ಅದು ಗಡ್ಡೆಯೇ. ಪಕ್ಕದಲ್ಲಿಟ್ಟ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ. ಬಿಸಿಲಿಗೆ ಹೆದರಿದಷ್ಟೇ ಚಳಿಗೂ ಹೆದರಬೇಕು. ಸದ್ದು ಬಂದ ಮೇಲೆ ನನಗೂ ಒಂದು ಕೊಟ್ಟು ಕೇಳಿಸಿದರು.

ಕಾಗದಪತ್ರದ ಕೆಲಸವನ್ನು ನಾನೇ ಮಾಡುತ್ತೇನೆಂದೆ. ಬೆಳಗಿನಿಂದ ಕಳೆದುಕೊಂಡ ಮಾನವನ್ನು ಅಲ್ಲಾದರೂ ಗಳಿಸುವ ಆಸೆ. ಸರಕುಪಟ್ಟಿ, ದಾನಪತ್ರ, ಇನ್‌ವಾಯ್ಸ್. ಪುಕ್ಕಟೆ ಕೊಡುವುದಾದರೂ ಬೆಲೆಯ ಜಾಗದಲ್ಲಿ ಸೊನ್ನೆ ಬರೆಯುವಂತಿಲ್ಲ; ನಿಜವಾದ ಬೆಲೆ ಬರೆದು ‘ಮಾರಾಟಕ್ಕಲ್ಲ, ಕಸ್ಟಮ್ಸ್ ಲೆಕ್ಕಕ್ಕೆ ಮಾತ್ರ’ ಎಂದು ಸೇರಿಸಬೇಕು. ಶೀತ ಪೆಟ್ಟಿಗೆಗೆ ಬೇರೆಯೇ ಕಡತ ಮಾಡಿ ತಂಡದ ಕೈಯಲ್ಲೇ ಕಳುಹಿಸಿ ಎಂದು ಮೇಡಂ ಹಠ ಹಿಡಿದರು. ಒಂದೇ ಕೆಲಸವನ್ನು ಎರಡು ಸಲ ಮಾಡಿಸುತ್ತಾರಲ್ಲ ಎಂದು ಗೊಣಗುತ್ತಲೇ ಮಾಡಿದೆ.

ಸರಕು ಹೋಯಿತು. ಅಲ್ಲಿನ ಕಸ್ಟಮ್ಸ್‌ನಲ್ಲಿ ಒಂಬತ್ತು ದಿನ ನಿಂತಿತು. ಜಿಂಕ್ ಡಬ್ಬಿಯ ಬ್ಯಾಚ್ ಸಂಖ್ಯೆಯಲ್ಲಿ ಇಂಗ್ಲಿಷಿನ ‘ಓ’ ಇರಬೇಕಾದಲ್ಲಿ ನಾನು ಸೊನ್ನೆ ಒತ್ತಿದ್ದೆ. ಕಡತ ಬೇರೆ ಇದ್ದುದರಿಂದ ಶೀತ ಪೆಟ್ಟಿಗೆ ತಂಡದ ಜೊತೆ ಮೊದಲ ದಿನವೇ ಆಸ್ಪತ್ರೆಯ ಫ್ರಿಜ್ ಸೇರಿತ್ತು. ಉಳಿದದ್ದು ತಲುಪುವ ಹೊತ್ತಿಗೆ ತಂಡದ ಎರಡು ವಾರದಲ್ಲಿ ಮೂರು ದಿನ ಬಾಕಿ. ನಮ್ಮ ನರ್ಸ್ ಬರೆದ ಪತ್ರದ ಪ್ರಕಾರ, ಅಲ್ಲಿನ ಔಷಧ ವಿತರಕರು ಪೆಟ್ಟಿಗೆಗಳು ಇಳಿಯುತ್ತಿದ್ದಂತೆ ಕೇಳಿದ ಮೊದಲ ಮಾತು “ಚೀಲ ಯಾವುದರಲ್ಲಿದೆ?”. ಅದುವರೆಗೆ ಅವರು ಹಳೆಯ ನೋಟ್‌ಬುಕ್ಕಿನ ಹಾಳೆಗಳಲ್ಲಿ ಮಾತ್ರೆ ಮಡಿಸಿ ಕೊಡುತ್ತಿದ್ದರಂತೆ.

ನನ್ನ ಹದಿನಾಲ್ಕು ಪೆಟ್ಟಿಗೆಗಳನ್ನು ಔಷಧ ಸುಡುವ ಕುಲುಮೆಗೆ ಒಪ್ಪಿಸಬೇಕಾಯಿತು. ರಸೀದಿ ಮೇಜಿನ ಖಾನೆಯಲ್ಲಿದೆ. 84 ಕಿಲೋ. ತಂದವರ ಸಹಿ ನನ್ನದು.

ಈ ವರ್ಷದ ಪಟ್ಟಿ ಹೋದ ವಾರ ಬಂತು. ಚೀಲಗಳು ಮೊದಲ ಸಾಲಿಗೆ ಏರಿವೆ, ಸಂಖ್ಯೆ ದುಪ್ಪಟ್ಟಾಗಿದೆ. ಹದಿನೇಳನೆಯ ಸಾಲಿನಲ್ಲಿ ‘ಸೈಕಲ್ ಟ್ಯೂಬ್, ಆರು’ ಎಂದಿದೆ. ಆಸ್ಪತ್ರೆಗೆ ಅದು ಯಾಕೆ ಎಂದು ನನಗೆ ಬಗೆಹರಿದಿಲ್ಲ. ಕೇಳಿ ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಟ್ಯೂಬುಗಳನ್ನಂತೂ ತಂದಿಟ್ಟಿದ್ದೇನೆ.