ಬ್ಯಾಂಕಲ್ಲಿದ್ದ ಚಿಕ್ಕಮ್ಮನ ದುಡ್ಡು

2025ರ ಜನವರಿ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲ. ಪಕ್ಕದ ಮನೆಯ ಚಿಕ್ಕಮ್ಮ ಒಂದು ಬೆಳಗ್ಗೆ ಕೆಲಸಕ್ಕೆ ಹೋಗದೆ ನಮ್ಮ ಜಗಲಿಗೆ ಬಂದು ಕೂತರು. ಸುಲಿದಷ್ಟಕ್ಕೆ ಕೂಲಿ. ಒಂದು ದಿನ ಮೆಟ್ಟುಗತ್ತಿ ಮುಂದೆ ಕೂರದಿದ್ದರೆ ಆ ದಿನದ ದುಡ್ಡು ಹೋಯಿತು. ಅಂಥದ್ದರಲ್ಲಿ ಬಂದಿದ್ದಾರೆ ಅಂದರೆ ಏನೋ ಇದೆ ಅಂದುಕೊಂಡೆ.

"ಮಗಾ, ಎಲ್ಲರಿಗೂ ಗೃಹಲಕ್ಷ್ಮಿ ದುಡ್ಡು ಬರ್ತದೆ. ನಂಗೊಬ್ಬಳಿಗೆ ಯಾಕೆ ಬರಲ್ಲ?" ಅಂದರು. ಕೈಯಲ್ಲಿ ಪಾಸ್‌ಬುಕ್ ಇತ್ತು. ಪ್ರತಿ ತಿಂಗಳು ಎಂಟ್ರಿ ಹಾಕಿಸಿದ್ದಾರೆ. ಎರಡು ಸಾವಿರ ಒಮ್ಮೆಯೂ ಬಿದ್ದಿಲ್ಲ.

ಅಂಗನವಾಡಿ ಟೀಚರ್ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ ಹೇಳಿದರು: ಹಣ ಜಮಾ ಆಗುತ್ತಲೇ ಇದೆ. ಆದರೆ ಈ ಪಾಸ್‌ಬುಕ್ಕಿನ ಖಾತೆಗಲ್ಲ, ಪೇಟೆಯ ಇನ್ನೊಂದು ಬ್ಯಾಂಕಿಗೆ. ಈ ದುಡ್ಡು ಹೋಗುವುದು ನಮ್ಮ ಕೈಲಿರುವ ಪಾಸ್‌ಬುಕ್ ನೋಡಿ ಅಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಚಿಕ್ಕಮ್ಮನಿಗೆ ಆಗ ನೆನಪಾಯಿತು. ಜನಧನ್ ಯೋಜನೆ ಶುರುವಾದದ್ದು 2014ರ ಆಗಸ್ಟ್ 28ಕ್ಕೆ. ಅದೇ ವರ್ಷದ ಕೊನೆಯಲ್ಲಿ ಶಾಲೆಯ ಅಂಗಳದಲ್ಲಿ ಮೇಜು ಹಾಕಿಕೊಂಡು ಸಾಲಾಗಿ ಖಾತೆ ತೆರೆದಿದ್ದರು. ಇವರೂ ಹೆಬ್ಬೆಟ್ಟು ಒತ್ತಿದ್ದರು. ಪಾಸ್‌ಬುಕ್ ಆಮೇಲೆ ಬರುತ್ತೆ ಅಂದಿದ್ದರಂತೆ. ಬರಲೇ ಇಲ್ಲ. ಕೊಟ್ಟಿದ್ದು ಮಗನ ನಂಬರು. ಅವನು ಬೆಂಗಳೂರಿಗೆ ಹೋಗಿ ಸಿಮ್ ಬದಲಿಸಿದ ಮೇಲೆ ಮೆಸೇಜ್ ಯಾರಿಗೆ ಹೋಗುತ್ತಿತ್ತೋ.

ಮಾರನೇ ದಿನ ಹದಿನೆಂಟು ಕಿಲೋಮೀಟರ್ ಬಸ್ಸಿನಲ್ಲಿ ಹೋದೆವು. ಕೌಂಟರಿನಲ್ಲಿ ಖಾತೆ ಸಿಕ್ಕಿತು. ಹನ್ನೊಂದು ಕಂತು, 22,000 ರೂಪಾಯಿ. ಆದರೆ ತೆಗೆಯುವಂತಿಲ್ಲ. ಹತ್ತು ವರ್ಷ ಆಗಿದೆ, ಕೆವೈಸಿ, ಅಂದರೆ ಗುರುತು-ವಿಳಾಸದ ಪರಿಶೀಲನೆ, ಮತ್ತೆ ಮಾಡಿಸಬೇಕು ಅಂದರು. ಬೆರಳಿಡುವ ಯಂತ್ರ ತಂದರು. ಬಲಗೈ ಆಯಿತು, ಎಡಗೈ ಆಯಿತು, ಸೋಪು ಹಾಕಿ ತೊಳೆದುಕೊಂಡು ಬಂದದ್ದೂ ಆಯಿತು. ತಿಂಗಳುಗಟ್ಟಲೆ ಹಸಿ ಅಡಿಕೆ ಸುಲಿದ ಬೆರಳಲ್ಲಿ ಗೆರೆ ಎಲ್ಲಿರುತ್ತೆ? ಎಲ್ಲ ಕಪ್ಪಾಗಿ ಸವೆದಿತ್ತು. ಹಿಂದೆ ನಿಂತವರು ಗೊಣಗತೊಡಗಿದರು. ಚಿಕ್ಕಮ್ಮ ಕೈ ಸೆರಗಿನೊಳಗೆ ಇಟ್ಟುಕೊಂಡರು. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಕೊನೆಗೆ ಒಳಗಿದ್ದ ಹುಡುಗಿಯೊಬ್ಬಳು ಕಾಗದದ ಫಾರಂ ತಂದಳು. ಇಂಕ್ ಪ್ಯಾಡ್ ಮುಂದಿಟ್ಟಳು. ಚಿಕ್ಕಮ್ಮ ಅದನ್ನು ಮೆಲ್ಲಗೆ ಆಚೆ ಸರಿಸಿ, "ನಂಗೆ ಸೈನ್ ಮಾಡಕ್ಕೆ ಬರ್ತದೆ" ಅಂದರು. ಸ್ತ್ರೀಶಕ್ತಿ ಸಂಘದಲ್ಲಿ ಕಲಿತದ್ದು. ಹತ್ತು ವರ್ಷದ ಹಿಂದೆ ಆ ಮೇಜಿನ ಮುಂದೆ ಯಾರೂ ಕೇಳಿರಲಿಲ್ಲ, ಅಷ್ಟೇ. ಒಂದೊಂದೇ ಅಕ್ಷರ ಒತ್ತಿ ಬರೆದರು. ಆ ಹುಡುಗಿ ಅವಸರ ಮಾಡಲಿಲ್ಲ, ಹೊಸ ಪಾಸ್‌ಬುಕ್ಕಿನ ಮೊದಲ ಪುಟವನ್ನು ಓದಿ ಹೇಳಿದಳು. "ಎರಡು ದಿನ ಬಿಟ್ಟು ಬನ್ನಿ ಅಮ್ಮ, ದುಡ್ಡು ತೆಗೀಬಹುದು" ಅಂದಳು. ಅಂದರೆ ಇನ್ನೊಂದು ದಿನದ ಕೂಲಿ.

ನನ್ನ ಅಜ್ಜಿ ಪಿಗ್ಮಿ ಕಟ್ಟುತ್ತಿದ್ದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ಎರಡಾಣೆಯಷ್ಟು ಸಣ್ಣ ದುಡ್ಡನ್ನೂ ದಿನಾ ಮನೆಬಾಗಿಲಿಗೆ ಬಂದು ಕಟ್ಟಿಸಿಕೊಳ್ಳುವ ಪದ್ಧತಿ ಶುರುಮಾಡಿತ್ತು. ಅಜ್ಜಿಗೆ ಪಿಗ್ಮಿಯವರ ಮುಖ ಗೊತ್ತಿತ್ತು, ಅವರಿಗೆ ಅಜ್ಜಿಯ ಹೆಸರು ಗೊತ್ತಿತ್ತು. ಈಗ ಜನಧನ್ ಖಾತೆಗಳ ಸಂಖ್ಯೆ 56 ಕೋಟಿ ದಾಟಿದೆ. ಸಣ್ಣ ಕೆಲಸವಲ್ಲ ಅದು. ಖಾತೆ ಇಲ್ಲದಿದ್ದರೆ ಚಿಕ್ಕಮ್ಮನಿಗೆ ಆ ದುಡ್ಡೇ ಬರುತ್ತಿರಲಿಲ್ಲ. ಆದರೆ ಖಾತೆ ತೆರೆದವರು ಆಮೇಲೆ ಒಮ್ಮೆ ಈ ಕಡೆ ಬಂದು ಹೇಳಿಹೋಗಬಹುದಿತ್ತು ಅಲ್ವಾ? 2025ರ ಜುಲೈಯಿಂದ ಪಂಚಾಯಿತಿಗಳಲ್ಲೇ ಕೆವೈಸಿ ಶಿಬಿರ ಮಾಡಿದರು. ಊರಲ್ಲೇ ಬ್ಯಾಂಕಿನ ಕೆಲಸ ಮಾಡಿಕೊಡುವ ಬ್ಯಾಂಕ್ ಮಿತ್ರರ ಹತ್ತಿರವೂ ಕೆವೈಸಿ ಹೊಸದು ಮಾಡಿಸಲು ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿತು. ಅದು ಆರು ತಿಂಗಳು ಮೊದಲೇ ಆಗಿದ್ದರೆ ಅನ್ನಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಹೇಳಿದ ಮಾತು ನನಗೆ ಇನ್ನೂ ಜೀರ್ಣ ಆಗಿಲ್ಲ. ಮಳೆಗಾಲಕ್ಕೆ ಮೊದಲು ಮಾಡು ರಿಪೇರಿಗೆ ಅಂತ ಮೈಕ್ರೋಫೈನಾನ್ಸಿನಲ್ಲಿ 20,000 ಸಾಲ ತೆಗೆದಿದ್ದರಂತೆ. ವಾರ ವಾರ ಕಂತು. ಆಗಲೇ ಅವರ ಹೆಸರಿನ ಖಾತೆಯಲ್ಲಿ ಸರ್ಕಾರದ ದುಡ್ಡು ಬಂದು ಬೀಳುತ್ತಿತ್ತು. ಆ ತಿಂಗಳು ಪೇಪರ್ ತುಂಬ ಸಾಲ ವಸೂಲಿಯ ಕಿರುಕುಳದ ಸುದ್ದಿ. ಫೆಬ್ರವರಿ 12ಕ್ಕೆ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೂ ತಂದಿತು.

"ಉಳಿದ ಕಂತೆಲ್ಲ ಒಟ್ಟಿಗೆ ಕಟ್ಟಿದ್ರೆ ಅವ್ರು ದಂಡ ಹಾಕ್ತಾರಾ ಮಗಾ?" ಅಂತ ಕೇಳಿದರು.

ನನಗೂ ಗೊತ್ತಿರಲಿಲ್ಲ. ರಾತ್ರಿ ಕೂತು ಹುಡುಕಿದೆ. ಅವಧಿಗೆ ಮೊದಲೇ ತೀರಿಸಿದರೆ ಮೈಕ್ರೋಫೈನಾನ್ಸ್ ಸಾಲಕ್ಕೆ ದಂಡ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲಿತ್ತು. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬೆಳಗ್ಗೆ ಕೊಟ್ಟೆ. ಚಿಕ್ಕಮ್ಮ ಎರಡು ಸಲ ಓದಿಸಿಕೊಂಡರು. ಚೀಟಿಯನ್ನು ಹೊಸ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು ಅಡಿಕೆ ಸುಲಿಯಲು ಹೋದರು.