ಹನ್ನೆರಡನೆಯ ಕುರ್ಚಿ

ನನಗೆ 23 ವರ್ಷ. ಕಥೆ ಬರೆಯುವ ಹುಚ್ಚಿದೆ. ಹುಟ್ಟಿದ ಕೆಲವೇ ವಾರಗಳಲ್ಲಿ ದೀಕ್ಷಾಸ್ನಾನ ಆಯಿತು, ಹಾಗಾಗಿ ಕಥೋಲಿಕಳಾದದ್ದು ನನ್ನ ತೀರ್ಮಾನವಲ್ಲ. ಕಥೋಲಿಕಳಾಗಿ ಉಳಿದದ್ದು ಮಾತ್ರ ನನ್ನದೇ. ಅದೂ ಒಂದೇ ಸಲಕ್ಕೆ ಮುಗಿದ ತೀರ್ಮಾನವಲ್ಲ. ವರ್ಷಕ್ಕೆ ಎರಡು ಮೂರು ಸಲ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ.

ನನ್ನನ್ನು ‘ಉದಾರವಾದಿ’ ಅನ್ನುತ್ತಾರೆ. ಕೆಲವರು ಅದನ್ನು ಬೈಗುಳದ ಹಾಗೆ ಹೇಳುತ್ತಾರೆ, ಇರಲಿ. ಹೆಂಗಸರಿಗೂ ಗುರುದೀಕ್ಷೆ ಸಿಗಬೇಕು, ಅಂದರೆ ಅವರೂ ಪಾದ್ರಿಗಳಾಗಬೇಕು ಎಂದು ನಂಬುತ್ತೇನೆ. ಧರ್ಮಸಭೆಗೆ ಆ ಅಧಿಕಾರವೇ ಇಲ್ಲ ಎಂದು ಪೋಪ್ ಎರಡನೇ ಜಾನ್ ಪೌಲ್ 1994ರಲ್ಲಿ ಬರೆದದ್ದು ಗೊತ್ತು. ಓದಿದ್ದೇನೆ, ಪ್ರಾರ್ಥಿಸಿದ್ದೇನೆ, ಒಪ್ಪಲು ಆಗಿಲ್ಲ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ದೇವರು ಮುಖ ತಿರುಗಿಸುತ್ತಾನೆ ಅನ್ನುವುದನ್ನೂ ಒಪ್ಪಲಾರೆ. ಬೇರೆ ಧರ್ಮಗಳಲ್ಲಿ ಸತ್ಯವಾದದ್ದು, ಪವಿತ್ರವಾದದ್ದು ಏನಿದೆಯೋ ಅದನ್ನು ತಳ್ಳಿಹಾಕಬಾರದು ಅನ್ನುತ್ತೇನೆ. ಇದು ನನ್ನ ತಲೆಯಿಂದ ಬಂದದ್ದಲ್ಲ, ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಹೇಳಿದ ಮಾತು. ಮನುಷ್ಯ ದೇವರೊಬ್ಬನ ಜೊತೆಗೇ ಇರುವ ಒಳಗಿನ ಗುಡಿ ಆತ್ಮಸಾಕ್ಷಿ ಎಂದದ್ದೂ ಅದೇ ಮಹಾಸಭೆ. ಹಾಗಂತ ಆತ್ಮಸಾಕ್ಷಿ ಅಂದರೆ ಸುಮ್ನೆ ನನಗೆ ಅನ್ನಿಸಿದ್ದಲ್ಲ. ಎಷ್ಟೋ ಸಲ ಅದು ನನ್ನ ವಿರುದ್ಧವೇ ಸಾಕ್ಷಿ ಹೇಳಿದೆ.

ಉಳಿದ ವಿಷಯಗಳಲ್ಲಿ ನಾನು ಹಳೇ ಕಾಲದವಳೇ. ಯೇಸು ಸತ್ತವರೊಳಗಿಂದ ಎದ್ದದ್ದು, ಪೂಜೆಯ ರೊಟ್ಟಿ-ದ್ರಾಕ್ಷಾರಸದಲ್ಲಿ, ಅಂದರೆ ಪರಮಪ್ರಸಾದದಲ್ಲಿ ಆತ ನಿಜವಾಗಿ ಇರುವುದು, ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಜಪಸರ ದಿಂಬಿನ ಕೆಳಗೇ ಇರುತ್ತದೆ.

ಈಗ ಕುರ್ಚಿಯ ಕಥೆ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ಗುರುಗಳು ಪಾದ ತೊಳೆಯುತ್ತಾರೆ, ಯೇಸು ಕೊನೆಯ ಭೋಜನದಲ್ಲಿ ಶಿಷ್ಯರ ಪಾದ ತೊಳೆದ ನೆನಪಿಗೆ. ಯೇಸುವಿನ ಬದುಕು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಮೂರರಲ್ಲಿ ಆ ಭೋಜನ ಅಂದರೆ ರೊಟ್ಟಿ, ದ್ರಾಕ್ಷಾರಸ. ನಾಲ್ಕನೆಯದನ್ನು ಬರೆದ ಯೊವಾನ್ನ ಮಾತ್ರ ಆ ಜಾಗದಲ್ಲಿ ಬೋಗುಣಿ ಮತ್ತು ಟವೆಲ್ ತಂದಿಡುತ್ತಾನೆ. ಬಹಳ ಕಾಲ ನಿಯಮದ ಪ್ರಕಾರ ತೊಳೆಯಬೇಕಾದದ್ದು ಗಂಡಸರ ಪಾದ ಮಾತ್ರ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. 2016ರ ಜನವರಿಯಲ್ಲಿ ನಿಯಮವೇ ಬದಲಾಯಿತು. ಆದರೆ ಅದು ಅನುಮತಿ ಅಷ್ಟೇ, ಕಡ್ಡಾಯವಲ್ಲ. ನಮ್ಮ ಚರ್ಚಿನಲ್ಲಿ ಮತ್ತೂ ಹಲವು ವರ್ಷ ಹನ್ನೆರಡೂ ಗಂಡಸರೇ. ಫಾದರ್ ಜೊತೆ ನಾನು ಜಗಳವನ್ನೇ ಆಡಿದ್ದೆ. ‘ಪ್ರೇಷಿತರು, ಯೇಸುವಿನ ಆ ಹನ್ನೆರಡು ಶಿಷ್ಯರು, ಗಂಡಸರಮ್ಮ’ ಅಂದರು. ‘ಎದ್ದು ಬಂದ ಯೇಸುವನ್ನು ಮೊದಲು ನೋಡಿ ಆ ಪ್ರೇಷಿತರಿಗೆ ಸುದ್ದಿ ಮುಟ್ಟಿಸಿದವಳು ಮಗ್ದಲದ ಮರಿಯ ಅಲ್ವಾ ಫಾದರ್?’ ಅಂದೆ. ಉತ್ತರ ಬರಲಿಲ್ಲ. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಈ ವರ್ಷ ಹನ್ನೆರಡನೆಯವರು ಬರಲಿಲ್ಲ. ಕುರ್ಚಿ ಖಾಲಿ. ಫಾದರ್ ಸಾಲುಗಳ ಮೇಲೆ ಕಣ್ಣಾಡಿಸಿ ನನ್ನನ್ನು ಕರೆದರು. ಅಷ್ಟು ಮಂದಿಯಲ್ಲಿ ನನ್ನನ್ನೇ!

ಹೋಗಿ ಕೂತೆ. ಚಪ್ಪಲಿ ಬಿಟ್ಟೆ. ಕಾಲಲ್ಲಿ ಧೂಳು, ಹೆಬ್ಬೆರಳಿನ ಉಗುರು ಮುರಿದಿತ್ತು. ಮುಂಚೆ ಗೊತ್ತಿದ್ದರೆ ತೊಳೆದುಕೊಂಡಾದರೂ ಬರುತ್ತಿದ್ದೆ. ಫಾದರ್ ನನ್ನ ಮುಂದೆ ಮಂಡಿ ಊರುವಾಗ ಮೂಳೆ ಲಟಕ್ಕೆಂದದ್ದು ಕೇಳಿಸಿತು. ಅವರಿಗೆ ಎಪ್ಪತ್ತು ದಾಟಿದೆ. ಅವರು ಕೈ ಚಾಚಿದರು, ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಬೇಕೆಂದೇ ಎಳೆದದ್ದಲ್ಲ. ಆದರೆ ಆ ಒಂದು ಗಳಿಗೆಯಲ್ಲಿ ಯೇಸುವಿನ ಶಿಷ್ಯ ಪೇತ್ರ ನೆನಪಾದ. ‘ನೀವು ನನ್ನ ಕಾಲು ತೊಳೆಯುವುದೇ? ಎಂದಿಗೂ ಕೂಡದು’ ಅಂದವನು. ಇಷ್ಟು ದಿನ ಅದನ್ನು ಪೇತ್ರನ ವಿನಯ ಅಂದುಕೊಂಡಿದ್ದೆ. ಈಗ ಗೊತ್ತಾಯಿತು, ಅದರಲ್ಲಿ ಸೊಕ್ಕೂ ಇದೆ. ವಾದದಲ್ಲಿ ನಾನು ಎತ್ತರದಲ್ಲಿದ್ದೆ, ಫಾದರ್ ತಪ್ಪು, ನಾನು ಸರಿ. ಅಂಥವರ ಕೈಯಿಂದ ಪಾದ ತೊಳೆಸಿಕೊಂಡರೆ ಆಮೇಲೆ ಅವರನ್ನು ಬರೀ ‘ತಪ್ಪು’ ಎಂದು ನೋಡಲು ಆಗುವುದಿಲ್ಲ. ಎಲ್ಲರಿಗೂ ಬಾಗಿಲು ತೆರೆಯಿರಿ ಅನ್ನುವವಳು ನಾನು. ಆ ಎಲ್ಲರಲ್ಲಿ ಈ ಮುದುಕರನ್ನು ಸೇರಿಸಿಯೇ ಇರಲಿಲ್ಲ.

ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನೂ ಆ ಕೋಣೆಯಲ್ಲೇ ಇದ್ದ. ಅವನು ಎದ್ದು ಹೋದದ್ದು ಪಾದ ತೊಳೆದ ಮೇಲೆ. ಹಿಡಿದುಕೊಡುತ್ತಾನೆ ಎಂದು ಗೊತ್ತಿದ್ದೇ ಯೇಸು ಅವನ ಕಾಲನ್ನೂ ಒರೆಸಿದ. ಫಾದರ್ ಆಗಲಿ ನಾನಾಗಲಿ ಯೂದರೇನಲ್ಲ, ಬಿಡಿ. ಆದರೂ ಆ ಬೋಗುಣಿಯ ಮುಂದೆ ಯಾರು ಸರಿ ಅನ್ನುವ ಲೆಕ್ಕ ನಡೆಯಲಿಲ್ಲ.

ಫಾದರ್ ತಲೆ ಎತ್ತಿ ಕಾದರು. ಕಾಲು ಮುಂದಿಟ್ಟೆ. ನೀರು ತಣ್ಣಗಿತ್ತು. ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಟ್ಟರು.

ನನ್ನ ಅಭಿಪ್ರಾಯಗಳಲ್ಲಿ ಒಂದೂ ಬದಲಾಗಿಲ್ಲ. ಅವರದ್ದೂ ಬದಲಾಗಿರಲಾರದು. ಮುಂದಿನ ವರ್ಷದ ಹನ್ನೆರಡು ಮಂದಿಯಲ್ಲಿ ಆರು ಜನ ಹೆಂಗಸರಿರಬೇಕೆಂದು ಮತ್ತೆ ಕೇಳುತ್ತೇನೆ.

ಬಲಿಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು ಮೆರವಣಿಗೆಯಲ್ಲಿ ಪಕ್ಕದ ಪೀಠಕ್ಕೆ ಕೊಂಡೊಯ್ದರು. ಬಲಿಪೀಠದ ಬಟ್ಟೆ ತೆಗೆದರು. ಇನ್ನು ಪಾಸ್ಕದ ಜಾಗರಣೆಯವರೆಗೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯವರೆಗೆ, ಚರ್ಚಿನ ಗಂಟೆ ಬಾರಿಸುವುದಿಲ್ಲ. ಹಿಡಿಯಲ್ಪಡುವ ಮುಂಚೆ ಗೆತ್ಸೆಮನೆ ತೋಟದಲ್ಲಿ, ನಿದ್ದೆ ಹೋಗಿದ್ದ ಶಿಷ್ಯರನ್ನು ‘ಒಂದು ಗಂಟೆಯಾದರೂ ನನ್ನೊಡನೆ ಎಚ್ಚರವಾಗಿರಲಾರಿರಾ’ ಎಂದು ಯೇಸು ಕೇಳಿದನಲ್ಲ, ಆ ಒಂದು ಗಂಟೆಗಾಗಿ ಕೆಲವರು ಉಳಿದೆವು. ನನ್ನ ಮುಂದಿನ ಬೆಂಚಿನಲ್ಲಿ ಫಾದರ್. ಸ್ವಲ್ಪ ಹೊತ್ತಿಗೆ ಅವರ ತಲೆ ಎದೆಗೆ ಬಾಗಿತು, ಸಣ್ಣಗೆ ಗೊರಕೆ ಶುರುವಾಯಿತು. ನಾನು ಎಬ್ಬಿಸಲಿಲ್ಲ.