ಮುಂದಿನ ಬ್ರೇಕ್ ಮುಟ್ಟಬೇಡ

"ಏನ್ ಸಾರ್ ಇದು, ಹೊಸದಾಗೇ ಇಟ್ಟವ್ರೆ!"

ಮಾವನ ಬೈಕಿನ ಮುಂದಿನ ಬ್ರೇಕಿನ ಡಿಸ್ಕ್ ಪ್ಯಾಡನ್ನು ಎರಡು ಬೆರಳಲ್ಲಿ ಹಿಡಿದು ಮೆಕ್ಯಾನಿಕ್ ಹೀಗಂದಾಗ ತುಮಕೂರಿನ ಗುಬ್ಬಿ ಗೇಟಿನ ಆ ಪುಟ್ಟ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾವ ಮಾತ್ರ ನಗಲಿಲ್ಲ. ಅವರು ಅದನ್ನು ಹೊಗಳಿಕೆ ಅಂದುಕೊಂಡಿದ್ದರು.

ಭಾನುವಾರ ಅದೇ ಗಾಡಿ ತಗೊಂಡು ದೇವರಾಯನದುರ್ಗಕ್ಕೆ ಹೋಗಿದ್ದೆ. ಇಳಿಯುವಾಗ ತಿರುವುಗಳಲ್ಲಿ ಮುಂದಿನ ಬ್ರೇಕ್ ಹಿಡಿದೆ. ಹಿಡೀತು, ಆದರೆ ಬಿಡಲೇ ಇಲ್ಲ. ನಾಮದ ಚಿಲುಮೆ ಹತ್ತಿರ ಬರುವಷ್ಟರಲ್ಲಿ ಗಾಡಿ ಎಳೆಯುತ್ತಲೇ ಇಲ್ಲ. ಇಳಿದು ತಳ್ಳಿದರೆ ಮುಂದಿನ ಚಕ್ರ ಗಟ್ಟಿ. ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದರೆ ಡಿಸ್ಕ್ ಚುಂಯ್ ಅಂತು. ಆರುವವರೆಗೆ ಮರದ ಕೆಳಗೆ ಕೂತಿದ್ದು, ಆಮೇಲೆ ಮುಂದಿನ ಲಿವರ್ ಮುಟ್ಟದೆ ನಿಧಾನಕ್ಕೆ ಊರು ಸೇರಿದೆ.

ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ನನಗೆ ತುಂಬಾ ಹಿಡಿಸಿತು. ಏನನ್ನೂ ಬಿಚ್ಚಲಿಲ್ಲ. ಲಿವರ್ ಒತ್ತಿ ಬಿಟ್ಟು, ಚಕ್ರ ತಿರುಗಿಸಿ ನೋಡಿ, ಪಿಸ್ಟನ್ನಿನಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಮೇಲಿನ, ಆಯಿಲ್ ಹೊರಬಿಡುವ ನಿಪ್ಪಲ್ ಒಂಚೂರು ಸಡಿಲ ಮಾಡಿದ. ಎರಡು ಹನಿ ಆಯಿಲ್ ಬಂತು, ಚಕ್ರ ಮಾತ್ರ ಹಾಗೇ ಬಿಗಿಯಾಗಿತ್ತು. "ಆಯಿಲ್ ಬಿಟ್ಟಾಗ ಚಕ್ರ ಸಲೀಸಾಗಿದ್ರೆ ಲಿವರ್ ಹತ್ರದ ಮಾಸ್ಟರ್ ಸಿಲಿಂಡರೋ ಪೈಪೋ ಕಟ್ಕೊಂಡಿದೆ ಅಂತ. ಇದು ಹಂಗಲ್ಲ, ಪಿಸ್ಟನ್ನೇ ಜಾಮು." ಕ್ಯಾಲಿಪರ್ ಬಿಚ್ಚಿ ಬಟ್ಟೆ ಸುತ್ತಿ ಎಷ್ಟು ಗಾಳಿ ಬಿಟ್ಟರೂ ಪಿಸ್ಟನ್ ಜಗ್ಗಲಿಲ್ಲ. ಕೊನೆಗೆ ಪೈಪ್ ಮತ್ತೆ ಜೋಡಿಸಿ ಲಿವರ್ ಪಂಪ್ ಮಾಡಿದ ಮೇಲೆ ಟಪ್ ಅಂತ ಹೊರಗೆ ಬಿತ್ತು. ಸುತ್ತಲೂ ತುಕ್ಕಿನ ಬಳೆ, ಉಗುರಿಗೆ ಸಿಗುವಷ್ಟು ಗುಳಿ. ಒಳಗಿದ್ದ ಆಯಿಲ್ ಕಾಫಿ ಡಿಕಾಕ್ಷನ್ ತರ ಇತ್ತು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನಂಶ ಹೀರುತ್ತದೆ, ಒಳಗೆ ತುಕ್ಕು ಹಿಡಿಯುವುದು ಅದರಿಂದಲೇ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು. ಇನ್ನು ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಒಳಗೆ ಸ್ಪ್ರಿಂಗ್ ಇಲ್ಲ. ಸುತ್ತ ಇರುವ ರಬ್ಬರ್ ಸೀಲ್ ಒತ್ತಿದಾಗ ಸ್ವಲ್ಪ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತದಲ್ಲ, ಅಷ್ಟೇ ಅದರ ಶಕ್ತಿ. ತುಕ್ಕು ಹಿಡಿದ ಪಿಸ್ಟನ್ನನ್ನು ಆ ಪಾಪದ ರಬ್ಬರ್ ಎಲ್ಲಿಂದ ಎಳೆದೀತು?

ಹೊಸದಾಗೇ ಇಟ್ಟವ್ರೆ! ಆ ಮಾತು ವಾರವಿಡೀ ತಲೆಯಲ್ಲಿ ಓಡುತ್ತಿದೆ. ಮಾವ 2008ರ ಆ ಗಾಡಿಯನ್ನು ಕಾಲಿನ ಬ್ರೇಕಲ್ಲೇ ಓಡಿಸಿದ್ದಾರೆ. ಹಿಂದಿನ ಬ್ರೇಕ್ ಶೂ ಪದೇ ಪದೇ ಹಾಕಿಸಿ, ಈಗಿನ ಮಾಲೇ ಸರಿ ಇಲ್ಲ ಅಂತ ಬೈದಿದ್ದಾರೆ. ಗಾಡಿ ಕಲಿಸುವಾಗ ನನಗೆ ಹೇಳಿದ್ದೂ ಒಂದೇ ಮಾತು: "ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚ್ಕೊಂಡು ಬೀಳ್ತೀಯ." ಇದು ಅವರೊಬ್ಬರ ಮಾತಲ್ಲ. ನಮ್ಮ ಕಡೆ ಸೈಕಲ್ಲಿನಿಂದ ಹಿಡಿದು ಎಲ್ಲರೂ ಎಲ್ಲರಿಗೂ ಹೇಳಿಕೊಡುವುದು ಇದನ್ನೇ. ಲೈಸೆನ್ಸಿಗೆ ಹೋದಾಗ ಎಂಟು ಹಾಕಿಸಿದರು, ಗಟ್ಟಿಯಾಗಿ ನಿಲ್ಲಿಸಿ ತೋರಿಸು ಅಂತ ಯಾರೂ ಕೇಳಲಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗಿ ಸುಮ್ನೆ ಜಾರುತ್ತದೆ, ಗಾಡಿ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನದ್ದೇ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಇದನ್ನೆಲ್ಲ ಅಂಗಡಿಯಲ್ಲೇ ಮಾವನಿಗೆ ಹೇಳಿದೆ. ಅವರು ಸೋಲುವ ಪೈಕಿ ಅಲ್ಲ. "ಕೊರಟಗೆರೆ ರಸ್ತೇಲಿ ಹುರುಳಿ ಹರಡಿರ್ತಾರಲ್ಲ, ಅದರ ಮೇಲೆ ಹಿಡಿದು ನೋಡು, ಗೊತ್ತಾಗುತ್ತೆ." ನನಗೆ ಉತ್ತರ ಹೊಳೆಯಲಿಲ್ಲ. ಕಣ ಮಾಡಲು ರಸ್ತೆಗೆ ಹಾಕಿದ ರಾಗಿ, ಹುರುಳಿ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಕೆಳಗೆ ಬೀಳುವುದು ಗ್ಯಾರಂಟಿ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯ ಅಂದೆ. "ಇದಕ್ಕಿದೆಯಾ?" ಅಂದರು. ಇಲ್ಲ. ಅವರ ಭಯ ಮಣ್ಣುರಸ್ತೆಯಲ್ಲಿ ಹುಟ್ಟಿದ್ದು, ಅಲ್ಲಿ ಅದು ಸರಿಯೇ. ಹೈವೇಯಲ್ಲಿ ಲಾರಿ ಹಿಂದೆ ಹೋಗುವಾಗಲೂ ಅದನ್ನೇ ಹಿಡಿದುಕೊಂಡಿರುವುದು ನನಗೆ ಭಯ ಹುಟ್ಟಿಸುತ್ತದೆ.

ಹೊಸ ಪಿಸ್ಟನ್, ಸೀಲ್ ಕಿಟ್, ಬೋಲ್ಟಿನ ತಾಮ್ರದ ವಾಷರ್, ಹೊಸ ಆಯಿಲ್ ಎಲ್ಲ ಹಾಕಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆದದ್ದಾಯ್ತು. ಪ್ಯಾಡನ್ನೂ ಬದಲಿಸಿದರು. ಅಷ್ಟು ದಪ್ಪ ಇರುವುದನ್ನು ಯಾಕೆ ಬಿಸಾಕ್ತೀರಿ ಅಂತ ಮಾವ ಹಳೇದನ್ನು ಜೇಬಿಗೆ ಹಾಕಿಕೊಂಡರು. ಟ್ರಯಲ್ ನೋಡಿ ಅಂತ ಕೀ ಕೊಟ್ಟರೆ ಒಂದು ಸುತ್ತು ಹೋಗಿ ಬಂದು, ಅಂಗಡಿ ಮುಂದೆ ನೀಟಾಗಿ ಕಾಲಲ್ಲೇ ನಿಲ್ಲಿಸಿದರು.

"ಈಗ ಚೆನ್ನಾಗಿದೆ," ಅಂದರು.

"ವಾರಕ್ಕೊಂದ್ಸಲ ಆದ್ರೂ ಮುಂದಿಂದು ಹಿಡೀರಿ ಸಾರ್, ಇಲ್ಲಾಂದ್ರೆ ಮತ್ತೆ ಜಾಮ್ ಆಗುತ್ತೆ," ಅಂದ ಮೆಕ್ಯಾನಿಕ್.

ಮಾವ ನನ್ನ ಕಡೆ ಬೆರಳು ತೋರಿಸಿದರು. "ಅದಕ್ಕೇ ಇವನಿಗೆ ಆಗಾಗ ಗಾಡಿ ಕೊಡೋದು."